ಸಿಹಿಯಾಗಬಾರದಿದ್ದ ಸೈಡರ್

"ಮೊದಲು ಒಂದು ಗುಟುಕು ಮೈಲ್ಡ್ ಬಿಯರ್ ಕುಡೀರಿ ಸಾರ್ಜೆಂಟಮ್ಮ. ಕೊಲೆ ವಿಚಾರ ಎಲ್ಲಿ ಓಡಿ ಹೋಗತ್ತೆ?" ಎಂದ ಕಿಟಕಿ ಪಕ್ಕದ ಬೋಳುತಲೆಯ ಮುದುಕ.

"ಈ ಥಂಡಿಗೆ ಮೈಲ್ಡ್ ಯಾಕಯ್ಯ ಕುಡೀಬೇಕು? ಕಪ್ಪು ಪೋರ್ಟರ್ ಕೊಡಿ ಅವರಿಗೆ. ಹೊಟ್ಟೆಗೆ ಕಂಬಳಿ ಹೊದಿಸಿದ ಹಾಗಿರತ್ತೆ," ಎಂದ ಅವನ ಜೊತೆಗಾರ.

"ಹಗಲು ಹೊತ್ತಲ್ಲಿ ಪೋರ್ಟರಾ? ಕೆಲಸದ ಮೇಲಿರೋ ಹೆಂಗಸಿಗೆ? ಇಬ್ಬರಿಗೂ ಬುದ್ಧಿ ಇಲ್ಲ. ಡಾರ್ಕಸ್, ಇವರಿಗೊಂದು ಅರ್ಧ ಪಿಂಟ್ ಬಿಟರ್ ಹಾಕು. ತೆಳ್ಳಗೆ ಇಳಿಯತ್ತೆ, ತಲೆಗೆ ಏರಲ್ಲ," ಎಂದ ಮೂರನೆಯವನು.

ಹೆಸ್ಟರ್ ಪ್ರೀಸ್ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: ಶನಿವಾರದ ಮೇಳದಲ್ಲಿ ಲೆನರ್ಡ್ ಬಫ್ಟನ್ ಪಕ್ಕದಲ್ಲಿ ಯಾರು ಯಾರಿದ್ದರು? ಬೆಳಿಗ್ಗೆಯಿಂದ ಅದನ್ನೇ ತಿರುವಿ ಮುರುವಿ ಕೇಳುತ್ತಿದ್ದಳು. ಸಿಕ್ಕಿದ ಉತ್ತರಗಳೆಲ್ಲ ಅವಳು ಏನು ಕುಡಿಯಬೇಕು ಎಂಬುದರ ಬಗ್ಗೆಯೇ ಇದ್ದವು.

"ನಾನು ಕುಡಿಯಲ್ಲ," ಎಂದಳು.

ಇಡೀ ಪಬ್ ಅವಳ ಕಡೆ ತಿರುಗಿತು.

"ಇವತ್ತು ಕುಡಿಯಲ್ವೋ, ಯಾವತ್ತೂ ಕುಡಿಯಲ್ವೋ?"

"ಯಾವತ್ತೂ. ನಮ್ಮ ಮನೇಲಿ ಯಾರೂ ಮುಟ್ಟಲ್ಲ. ಕಟ್ಟುನಿಟ್ಟಿನ ಚಾಪೆಲ್ ಪಂಥದ ಜನ."

"ಅಯ್ಯೋ ಪಾಪ," ಎಂದ ಮುದುಕ, ಯಾರೋ ತೀರಿಕೊಂಡ ಸುದ್ದಿ ಕೇಳಿದವನಂತೆ. ಮರುಗಳಿಗೆಯೇ ಮುಖ ಅರಳಿಸಿ, "ಹಾಗಾದ್ರೆ ನೀವು ಶುರು ಮಾಡಬೇಕಾದ್ದು ಪೆರಿಯಿಂದ. ಪೇರ್ ಹಣ್ಣಿಂದು. ಮಗುವಿಗೂ ಒಗ್ಗತ್ತೆ," ಎಂದ.

ಹೆಸ್ಟರ್‌ಗೆ ಮೈ ಪರಚಿಕೊಳ್ಳುವಂತಾಯಿತು.

ಗಲ್ಲಾದ ಪಕ್ಕದ ಎತ್ತರದ ಸ್ಟೂಲು ಖಾಲಿಯಿತ್ತು. ಅದರ ಮೇಲೆ ಯಾರೋ ಒಂದು ಪಿಂಟ್ ಬಿಟರ್ ತುಂಬಿಸಿ ಇಟ್ಟಿದ್ದರು. ಅದು ಲೆನರ್ಡ್‌ನ ಜಾಗ. ಹಿಯರ್‌ಫರ್ಡ್ ಸೀಮೆಯ ಯಾವ ಪಬ್‌ನಲ್ಲಿ ಈ ವಾರ ಯಾವ ಪೀಪಾಯಿ ಚೆನ್ನಾಗಿದೆ, ಯಾವ ತೋಟದವರ ಸೈಡರ್ ಹದಕ್ಕೆ ಬಂದಿದೆ ಎಂದು ಅವನು ಈ ಸ್ಟೂಲಿನಿಂದ ಹೇಳಿದರೆ, ಮಾತು ವಾರ ಕಳೆಯುವುದರೊಳಗೆ ಕಣಿವೆ ದಾಟುತ್ತಿತ್ತು. ಒಪ್ಪುವವರು ಕುಡಿಯಲು ಹೋಗುತ್ತಿದ್ದರು, ಒಪ್ಪದವರು ಅವನ ಮಾತು ಸುಳ್ಳು ಮಾಡಲು ಹೋಗುತ್ತಿದ್ದರು.

ಅಂಥವನು ಶನಿವಾರ ಸಂಜೆ ಮಾರ್ಲ್‌ಹೋಪ್ ಹಳ್ಳಿಯ ಹಳೆಯ ಕಣಜದಲ್ಲಿ ನಡೆದ ಬಿಯರ್ ಮತ್ತು ಸೈಡರ್ ಮೇಳದಲ್ಲಿ ತೂರಾಡಿ ಬಿದ್ದ, ಸೋಮವಾರ ಆಸ್ಪತ್ರೆಯಲ್ಲಿ ಸತ್ತ. ರಕ್ತದಲ್ಲಿ ಸಿಕ್ಕಿದ್ದು ಚಳಿಗಾಲದಲ್ಲಿ ಕಾರಿನ ರೇಡಿಯೇಟರಿಗೆ ಹಾಕುವ ಆಂಟಿಫ್ರೀಜ್. ಅವನು ಕೊನೆಗೆ ಕುಡಿದದ್ದು ಸೇಬು ತೋಟದ ಆಸ್ಟಿನ್ ಸ್ಕರ್ಮ್‌ನ ಪೀಪಾಯಿಯ ಸೈಡರ್ ಎಂಬುದಕ್ಕೆ ಊರೇ ಸಾಕ್ಷಿ. ಅದಾದ ಸ್ವಲ್ಪ ಹೊತ್ತಿಗೇ ಆಸ್ಟಿನ್ ತುಂಬಿದ ಪೀಪಾಯಿಯನ್ನು ಚರಂಡಿಗೆ ಬಗ್ಗಿಸಿದ್ದ. ಆಗಿನ್ನೂ ವಿಷದ ಮಾತೇ ಹುಟ್ಟಿರಲಿಲ್ಲ. ಲೆನರ್ಡ್‌ಗೆ ಸ್ವಲ್ಪ ಹೆಚ್ಚಾಗಿದೆ ಎಂದು ಎಲ್ಲರೂ ನಗುತ್ತಿದ್ದ ಹೊತ್ತು ಅದು.

"ತಪ್ಪು ಮಾಡದವನು ಪೀಪಾಯಿ ಯಾಕೆ ಚೆಲ್ತಾನೆ?" ಎಂದು ಇನ್‌ಸ್ಪೆಕ್ಟರ್ ಪಿಮ್ ಕೇಳುತ್ತಲೇ ಇದ್ದ. ಲಾಕಪ್ಪಿನಲ್ಲಿ ಆಸ್ಟಿನ್ ಬಾಯಿ ಬಿಟ್ಟದ್ದು ಒಂದೇ ಮಾತಿಗೆ: "ಪೀಪಾಯಿ ನನ್ನದು. ಚೆಲ್ಲಿದ್ದೂ ನಾನೇ." ಯಾಕೆ ಎಂದರೆ ಗೋಡೆಯ ಕಡೆ ತಿರುಗಿ ಕೂತುಬಿಡುತ್ತಿದ್ದ.

ಆದರೂ ಅವನಲ್ಲ ಎಂದೇ ಅವಳ ಮನಸ್ಸು ಹೇಳುತ್ತಿತ್ತು. ಇಂದು ಬೆಳಿಗ್ಗೆಯೂ ಅದಕ್ಕಾಗಿ ಪಿಮ್ ಜೊತೆ ಫೋನಿನಲ್ಲಿ ಜಗಳವಾಡಿದ್ದಳು. ಬೇರೆ ಹೆಸರು ತಾ, ಇಲ್ಲವಾದರೆ ಸುಮ್ಮನಿರು ಎಂದು ಅವನು ಫೋನಿಟ್ಟಿದ್ದ.

ಬೇರೆ ಹೆಸರು ಅವಳ ಬಳಿ ಇತ್ತು. ಆ ಹೆಸರಿನವನು ಈಗ ನೆಲಮಾಳಿಗೆಯಲ್ಲಿ ಪೀಪಾಯಿ ಜೋಡಿಸುತ್ತಿದ್ದ.

"ನೆಲಮಾಳಿಗೆಗೆ ದಾರಿ ಯಾವುದು?" ಎಂದು ಕೇಳಿದಳು.

ಪಬ್ಬಿನ ಒಡತಿ ಡಾರ್ಕಸ್ ಗ್ವಿಲಿಯಂ ಕೈಪಂಪಿನ ಹಿಡಿಯನ್ನು ಬಟ್ಟೆಯಿಂದ ಉಜ್ಜುವುದನ್ನು ನಿಲ್ಲಿಸಿ ಬಾಗಿಲು ತೋರಿಸಿದಳು. "ತಲೆ ಜೋಪಾನ ಮಗಳೇ. ತೊಲೆ ತಗ್ಗಿದೆ."

ತೊಲೆ ಹಣೆಗೆ ಬಡಿದೇ ಬಡಿಯಿತು.

*

ಜೋನಸ್ ಯಾಪ್ ಆನೆಮೈಯ ಮನುಷ್ಯ. ಮೂರು ತಲೆಮಾರಿನಿಂದ ಮಾರ್ಲ್‌ಹೋಪ್‌ಗೆ ಬಿಯರ್ ಕುದಿಸುವ ಮನೆತನ. ಅವನು ಮರದ ಸುತ್ತಿಗೆ ಹಿಡಿದು ಪೀಪಾಯಿಗೆ ನಲ್ಲಿ ಬಡಿಯುತ್ತಿದ್ದ. ಹೆಸ್ಟರ್ ಹಣೆ ಉಜ್ಜಿಕೊಳ್ಳುತ್ತ ಮೆಟ್ಟಿಲಿಳಿದಾಗ ತಿರುಗಿಯೂ ನೋಡಲಿಲ್ಲ.

"ಯಾವುದು ಕುಡಿಯೋಕೆ ಹೇಳಿದ್ರು ಮೇಲೆ?"

"ಯಾಪ್, ತಮಾಷೆ ಸಾಕು. ಹೋದ ತಿಂಗಳು ಲೆನರ್ಡ್ ನಿಮ್ಮ ಬಿಟರ್ ಲೋಟವನ್ನ ವಾಪಸ್ ತಳ್ಳಿದರಂತೆ."

ಸುತ್ತಿಗೆ ಒಂದು ಸಲ ಬಿತ್ತು. "ತಳ್ಳಿದ."

"'ಇದು ನಮ್ಮೂರ ನೀರಲ್ಲ' ಅಂದರಂತೆ."

"ಅಂದ. ಊರಿಗೆಲ್ಲ ಕೇಳಿಸೋ ಹಾಗೆ."

"ಅವರು ಬೇಡ ಅಂದ ಬಿಯರನ್ನ ಈ ಸೀಮೆಯಲ್ಲಿ ಯಾರೂ ಕುಡಿಯಲ್ಲ. ನಿಮ್ಮ ಮನೆತನದ ಹೆಸರು ಒಂದೇ ಮಾತಿಗೆ ನೆಲಕ್ಕೆ ಬಿತ್ತು. ಅದಾದ ಮೇಲೆ ಅವರು ಸತ್ತರು. ಶನಿವಾರ ಅವರನ್ನ ಹೆಗಲ ಮೇಲೆ ಹೊತ್ತು ಕಣಜದಿಂದ ಹೊರಗೆ ಕರಕೊಂಡು ಹೋದವರು ನೀವು. ಅಲ್ಲೇ ಡಾಕ್ಟರನ್ನ ಕರೆಯೋ ಬದಲು ಮನೆಗೆ ಹೊತ್ತುಕೊಂಡು ಹೋಗಿ ಮಲಗಿಸಿದ್ರಿ."

ಯಾಪ್ ಈಗ ತಿರುಗಿದ. ದೊಡ್ಡ ಮುಖ ಕೆಂಪಗಾಗಿತ್ತು.

"ನಾನು ಕೊಂದೆ ಅಂತೀರಾ?"

"ಕೇಳ್ತಾ ಇದೀನಿ."

"ಸರಿ, ಕೇಳಿ. ನಾನು ಕಳ್ಳ, ಒಪ್ಪಿಕೊಳ್ತೀನಿ." ಅವನು ಸುತ್ತಿಗೆಯನ್ನು ಪೀಪಾಯಿಯ ಮೇಲಿಟ್ಟ. "ಈಸ್ಟರ್ ಆದಾಗಿಂದ ನಮ್ಮ ಕುದಿಸೋ ಹಂಡೆ ತಣ್ಣಗೆ ಕೂತಿದೆ. ತಳ ಬಿರುಕು ಬಿಟ್ಟಿದೆ. ಎಲ್ಲಿಂದಲೋ ಕಾರ್ಖಾನೆ ಬಿಯರ್ ತರಿಸಿದೆ, ನಮ್ಮ ಪೀಪಾಯಿಗೆ ತುಂಬಿದೆ, ನಮ್ಮ ಮುದ್ರೆ ಒತ್ತಿದೆ. ಮೇಲೆ ಕೂತಿದಾರಲ್ಲ ಆ ಪಂಡಿತರು, ಎಲ್ಲರೂ ಕುಡಿದು 'ಆಹಾ ಜೋನಸ್, ನಿಮ್ಮ ತಾತನ ಕೈರುಚಿ' ಅಂದ್ರು. ಒಬ್ಬನೇ ಒಬ್ಬನಿಗೆ ಗೊತ್ತಾದದ್ದು."

"ಅದಕ್ಕೇ..."

"ಪೂರ್ತಿ ಕೇಳಮ್ಮ! ಮಾರನೇ ದಿನ ಅವನು ನಮ್ಮ ಮನೆಗೆ ಬಂದ. ಬಯ್ಯೋಕೆ ಬಂದ ಅಂತ ನಾನು ಬಾಗಿಲು ತೆಗೀಲಿಲ್ಲ. ಹಿಂಬಾಗಿಲಿಂದ ಬಂದ. ಅಷ್ಟು ವಯಸ್ಸಾದವನು ಹಂಡೆ ಕೆಳಗೆ ಅಂಗಾತ ಮಲಗಿ ಬಿರುಕು ನೋಡಿದ. ಯಾರೋ ಬೆಸುಗೆಯವನು ತನಗೆ ಗೊತ್ತು ಅಂದ. 'ಹಂಡೆ ಹತ್ತಿಕೊಳ್ಳೋ ತನಕ ನಿನ್ನ ಗುಟ್ಟು ನನ್ನ ಹತ್ರ ಇರಲಿ. ಆದ್ರೆ ಈ ಕೊಳಚೆ ನೀರನ್ನ ಕುಡೀರಿ ಅಂತ ಮಾತ್ರ ನಾನು ಯಾರಿಗೂ ಹೇಳಲ್ಲ' ಅಂದ. ಅಷ್ಟೇ. ಆ ಬೆಸುಗೆಯವನು ಹೋದ ವಾರ ಬಂದು ಕೆಲಸ ಮುಗಿಸಿದ. ಹೋಗಿ ಕೇಳಿ ಅವನನ್ನ."

ಅವನು ಮುಂಗೈಯಿಂದ ಮೂಗು ಒರೆಸಿಕೊಂಡ.

"ಮೊದಲ ಕುದಿಯಿಂದ ಮೊದಲ ಲೋಟ ಅವನಿಗೇ ಅಂತ ಇಟ್ಕೊಂಡಿದ್ದೆ. ಅವನನ್ನ ಕೊಲ್ತೀನಾ ನಾನು? ಅವನಿಲ್ದೆ ನನ್ನ ಬಿಯರ್ ಚೆನ್ನಾಗಿದೆಯೋ ಇಲ್ವೋ ಅಂತ ನನಗೆ ಹೇಳೋರು ಯಾರು?"

ಹೆಸ್ಟರ್ ತಣ್ಣನೆಯ ಕಲ್ಲುಗೋಡೆಗೆ ಒರಗಿದಳು. ಬೆಳಿಗ್ಗೆಯಿಂದ ಕಟ್ಟಿದ್ದೆಲ್ಲ ಕಣ್ಣೆದುರೇ ಕುಸಿದಿತ್ತು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ. ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಹತ್ತಿರದ ಪೀಪಾಯಿಗೆ ಒಂದು ಒದೆಯಬೇಕು ಅನ್ನಿಸಿತು. ತುಂಬಿದ ಪೀಪಾಯಿ, ಕಾಲೇ ಮುರಿಯುತ್ತಿತ್ತು.

"ಡಾಕ್ಟರನ್ನ ಯಾಕೆ ಕರೆಯಲಿಲ್ಲ?" ಎಂದಳು, ಸೋತ ದನಿಯಲ್ಲಿ.

"ನಾವೆಲ್ಲ ನಗ್ತಾ ಇದ್ವಿ." ಯಾಪ್ ನೆಲ ನೋಡುತ್ತ ಹೇಳಿದ. "ಜೀವಮಾನದಲ್ಲಿ ತೂರಾಡಿದವನಲ್ಲ ಅವನು. ರುಚಿ ನೋಡೋನು, ಉಗಿಯೋನು, ಇಷ್ಟವಾದರೆ ಮಾತ್ರ ಕುಡಿಯೋನು. ಅಂಥವನು ತೂರಾಡಿದಾಗ ಊರಿಗೆ ಊರೇ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ದಾರೀಲಿ ಏನೇನೋ ತೊದಲ್ತಾ ಇದ್ದ. ಕುಡಿದ ಮಾತು ಅಂತ ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

"ಏನು ತೊದಲಿದರು?"

"ಬಿಡಿ, ಅದರಿಂದ ನಿಮಗೇನೂ ಆಗಬೇಕಾದ್ದಿಲ್ಲ. ಸೈಡರ್ ವಿಷಯ."

"ಯಾಪ್!"

"ಆಸ್ಟಿನ್ ಸೈಡರ್ ಈ ವರ್ಷ ಸಿಹಿಯಾಗಿಬಿಟ್ಟಿದೆ ಅಂದ. 'ಅವನಿಗೆ ಹೇಳಿದೀನಿ, ಪಾಪ ಮುಖ ಸಣ್ಣದಾಯ್ತು. ನೀನು ಯಾರಿಗೂ ಹೇಳಬೇಡ ಜೋನಸ್, ಅವನ ಮಾನ ಹೋಗತ್ತೆ' ಅಂದ. ಅದಕ್ಕೇ ನಾನು ಹೇಳಿರಲಿಲ್ಲ."

"ಸೋಮವಾರ ಒಂದು ಗಂಟೆ ಕೂರಿಸಿಕೊಂಡು ಕೇಳಿದೆನಲ್ಲ ನಿಮ್ಮನ್ನ! ಆಗಲೂ ಹೇಳಲಿಲ್ವಲ್ಲ!"

"ನೀವು ಕೊಲೆ ಬಗ್ಗೆ ಕೇಳಿದ್ರಿ," ಎಂದ ಯಾಪ್. ಅವನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಸೈಡರ್ ಹೇಗಿತ್ತು ಅಂತ ಕೇಳಲಿಲ್ಲ."

ಮೆಟ್ಟಿಲ ತುದಿಯಿಂದ ಫಕ್ಕನೆ ನಗು ಕೇಳಿಸಿತು. ಡಾರ್ಕಸ್ ಖಾಲಿ ಲೋಟಗಳ ಬುಟ್ಟಿ ಸೊಂಟಕ್ಕಾನಿಸಿಕೊಂಡು ಇಳಿಯುತ್ತಿದ್ದಳು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳೋ.

"ಸಿಹಿಯಂತೆ! ಆಸ್ಟಿನ್ ಸೈಡರ್ ಸಿಹಿಯಂತೆ! ಜೋನಸ್, ನೀನು ನಂಬಿದೆಯಾ?"

"ನಾನೆಲ್ಲಿ ನಂಬಿದೆ? ಲೆನರ್ಡ್ ಹೇಳಿದ್ದು."

"ಅದೇ ಪೀಪಾಯಿಂದ ಲೆನರ್ಡ್ ಆದಮೇಲೆ ನಾನೇ ಒಂದು ಲೋಟ ಕುಡಿದಿದೀನಿ. ಮೇಳದಲ್ಲಿ ಪಕ್ಕದಲ್ಲೇ ಇತ್ತಲ್ಲ ನನ್ನ ಅಂಗಡಿ. ಅಬ್ಬಬ್ಬಾ, ಏನು ಒಗರು! ಅಂಗುಳು ಒಣಗಿ ನಾಲಿಗೆ ಮೇಲಕ್ಕೆ ಅಂಟಿಕೊಂಡಿತು. ಹತ್ತು ವರ್ಷದಲ್ಲಿ ಅಂಥ ಖಡಕ್ ಸೈಡರ್ ಅವನು ಮಾಡಿರಲಿಲ್ಲ. ನೀವು ಕುಡಿಯೋ ಹಾಗಿದ್ರೆ ಮಗಳೇ, ನಾನು ನಿಮಗೆ ಅದನ್ನೇ..."

ಮಾತು ಅರ್ಧಕ್ಕೆ ನಿಂತಿತು. ಹೆಸ್ಟರ್ ಅವಳ ಮುಂಗೈ ಹಿಡಿದಿದ್ದಳು.

"ಲೆನರ್ಡ್ ಆದಮೇಲೆ? ಖಂಡಿತವಾಗಿ?"

"ಅವನು ಆ ಕಡೆ ಹೋದ, ನಾನು ಈ ಕಡೆ ಲೋಟ ಒಡ್ಡಿದೆ. ಯಾಕೆ?"

"ನಿಮಗೇನೂ ಆಗಲಿಲ್ಲ."

"ನೋಡಿ, ಗುಂಡುಕಲ್ಲಿನ ಹಾಗಿದೀನಿ."

ಆಸ್ಪತ್ರೆಯ ಡಾಕ್ಟರು ಹೇಳಿದ ಮಾತು ಹೆಸ್ಟರ್‌ಗೆ ನೆನಪಾಯಿತು. ಆಂಟಿಫ್ರೀಜ್ ಬಾಯಿಗೆ ಸಿಹಿ. ಅದಕ್ಕೇ ಗ್ಯಾರೇಜಿನ ನಾಯಿಗಳು ನೆಲದ ಮೇಲೆ ಚೆಲ್ಲಿದ್ದನ್ನು ನೆಕ್ಕಿ ಸಾಯುತ್ತವೆ.

ಹಾಗಾದರೆ ವಿಷ ಪೀಪಾಯಿಯಲ್ಲಿರಲಿಲ್ಲ. ಇದ್ದದ್ದು ಲೆನರ್ಡ್‌ನ ಲೋಟದಲ್ಲಿ ಮಾತ್ರ.

ಆಸ್ಟಿನ್ ಪೀಪಾಯಿ ಚೆಲ್ಲಿದ ಕಾರಣವೂ ತಾನಾಗಿ ಬಿಚ್ಚಿಕೊಂಡಿತು. ಹುಳಿ ಒಗರಿಗೆ ಹೆಸರಾದ ತೋಟ. ಅದರ ಯಜಮಾನನಿಗೆ ಸೀಮೆಯ ದೊಡ್ಡ ನಾಲಿಗೆ ನೇರವಾಗಿ 'ಸಿಹಿಯಾಗಿದೆ' ಅಂದಿದೆ. ಸ್ವಂತ ನಾಲಿಗೆಗಿಂತ ಲೆನರ್ಡ್‌ನ ನಾಲಿಗೆಯನ್ನೇ ನಂಬಿದ ಮನುಷ್ಯ ಒಂದು ಗುಟುಕು ಕೂಡ ರುಚಿ ನೋಡದೆ ವರ್ಷದ ದುಡಿಮೆಯನ್ನು ಮೋರಿಗೆ ಸುರಿದ. ನಾಚಿಕೆಗೆ ಸುರಿದ. ಅದನ್ನು ಪೊಲೀಸರ ಮುಂದೆ ಹೇಳುವುದಕ್ಕಿಂತ ಜೈಲೇ ವಾಸಿ ಅನ್ನಿಸಿತೇನೋ. ಇದಕ್ಕಾಗಿ ದಿನಗಟ್ಟಲೆ ಗೋಡೆ ನೋಡಿಕೊಂಡು ಕೂತನೆ, ಈ ಮೊಂಡ! ಅವನ ಕೆನ್ನೆಗೆ ಬಾರಿಸಬೇಕು ಅನ್ನುವಷ್ಟು ಸಿಟ್ಟೂ, ಅದರ ಜೊತೆಗೆ ಮರುಕವೂ ಬಂತು.

"ಲೆನರ್ಡ್ ಯಾವ ಲೋಟದಲ್ಲಿ ಕುಡಿದರು? ಮೇಳದಲ್ಲಿ ಬಾಗಿಲಲ್ಲಿ ಕೊಡ್ತಾರಲ್ಲ, ಆ ಗಾಜಿನದ್ದೇ ತಾನೆ?"

"ಎಲ್ಲರಿಗೂ ಅದೇ," ಎಂದ ಯಾಪ್.

"ಊಹೂಂ," ಎಂದಳು ಡಾರ್ಕಸ್. "ಅವನು ಕುಡಿದದ್ದು ಆಸ್ಟಿನ್‌ದೇ ತವರದ ಲೋಟದಲ್ಲಿ."

ಹೆಸ್ಟರ್ ನಿಧಾನವಾಗಿ ಅವಳ ಕಡೆ ತಿರುಗಿದಳು. "ಇದನ್ನೂ ನಾನು ಕೇಳಲಿಲ್ಲ, ಅಲ್ವಾ?"

"ಕೇಳಿದ್ರೆ ಹೇಳ್ತಿದ್ದೆ ಕಣಮ್ಮ, ಸಿಡುಕಬೇಡ." ಡಾರ್ಕಸ್ ಬುಟ್ಟಿ ಕೆಳಗಿಟ್ಟಳು. "ಪೀಪಾಯಿ ತೆರೆದಾಗ ಮೊದಲ ಲೋಟ ಆಸ್ಟಿನ್ ತಾನೇ ಕುಡಿಯೋದು. ಅವರಪ್ಪನ ಕಾಲದ ಲೋಟ, ಒಳಗೇನಿದೆ ಅಂತ ಹೊರಗೆ ಕಾಣೋದಿಲ್ಲ. ಅವತ್ತೂ ತುಂಬಿ ಬಂತು, ಎತ್ತಿ ತುಟಿ ಹತ್ರ ತಂದ, ಅಷ್ಟರಲ್ಲಿ ಎದುರಿಗೆ ಲೆನರ್ಡ್. ಇಬ್ಬರಿಗೂ ಹೋದ ವರ್ಷದಿಂದ ಮಾತಿರಲಿಲ್ಲ. ಲೆನರ್ಡ್ ಪಕ್ಕದ ತೋಟದ ಪೆರಿನೇ ಚೆನ್ನಾಗಿದೆ ಅಂತ ಎಲ್ಲ ಕಡೆ ಹೇಳಿಕೊಂಡು ಬಂದಿದ್ದನಲ್ಲ, ಅದಕ್ಕೆ. ಕಣಜದಲ್ಲಿದ್ದವರೆಲ್ಲ ಉಸಿರು ಹಿಡಿದು ನೋಡ್ತಾ ಇದ್ವಿ. ಆಸ್ಟಿನ್ ಸುಮ್ಮನೆ ಆ ಲೋಟಾನೇ ಚಾಚಿದ. 'ತಗೋ ಮುದಿಯ, ಮೊದಲು ನೀನೇ ಕುಡಿ, ಆಮೇಲೆ ಬಯ್ಯಿ' ಅಂದ. ನನಗಂತೂ ಕಣ್ಣಲ್ಲಿ ನೀರು ಬಂತು."

"ಲೆನರ್ಡ್ ಪೂರ್ತಿ ಕುಡಿದರಾ? ಇಷ್ಟವಾಗದಿದ್ದರೆ ಉಗಿಯೋರಲ್ವಾ ಅವರು?"

"ರಾಜಿಯ ಲೋಟ ಅದು. ಊರೆಲ್ಲ ನೋಡ್ತಿರುವಾಗ ಉಗಿಯೋಕಾಗತ್ತಾ? ಮುಖ ಕಿವುಚಿಕೊಂಡೇ ತಳದ ತನಕ ಇಳಿಸಿದ. ಆಮೇಲೆ ಆಸ್ಟಿನ್ ಕಿವೀಲಿ ಏನೋ ಹೇಳಿದ."

ನೆಲಮಾಳಿಗೆಯಲ್ಲಿ ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು.

ಲೆನರ್ಡ್‌ಗೆ ಶತ್ರು ಯಾರು, ಲೆನರ್ಡ್ ಸತ್ತರೆ ಯಾರಿಗೆ ಲಾಭ ಎಂದು ಹುಡುಕಿ ಹುಡುಕಿ ತಲೆ ಕೆಡಿಸಿಕೊಂಡಿದ್ದೆಲ್ಲ ದಂಡ. ಆ ಲೋಟ ಲೆನರ್ಡ್‌ಗಾಗಿ ತುಂಬಿದ್ದೇ ಅಲ್ಲ.

"ತುಂಬಿ ಬಂತು ಅಂದ್ರಲ್ಲ," ಹೆಸ್ಟರ್ ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ ಕೇಳಿದಳು. "ತುಂಬಿ ತಂದದ್ದು ಯಾರು?"

"ಇನ್ಯಾರು, ಆವರಿಲ್. ಅವನ ಹೆಂಡತಿ. ಪೀಪಾಯಿ ಹಿಂದೆ ನಿಂತು ಬಗ್ಗಿಸ್ತಾ ಇದ್ದವಳೇ ಅವಳು."

"ಆಸ್ಟಿನ್ ಲೋಟ ಕೊಟ್ಟುಬಿಟ್ಟಾಗ ಅವರೇನು ಮಾಡಿದ್ರು?"

ಡಾರ್ಕಸ್ ಉತ್ತರ ಹೇಳಲು ಬಾಯಿ ತೆರೆದಳು. ಹೇಳುವ ಮೊದಲೇ ಅವಳ ಮುಖದ ಬಣ್ಣ ಇಳಿಯಿತು.

"ಕೈ ಅಡ್ಡ ಹಾಕಿದಳು," ಎಂದಳು ಮೆಲ್ಲಗೆ. "'ಅದು ಬೇಡ, ಅವರಿಗೆ ಬೇರೆ ಗಾಜಿನ ಲೋಟ ಕೊಡ್ತೀನಿ' ಅಂದಳು. ಕಿರುಚಿದಳು ಅಂತಲೇ ಅನ್ನಬೇಕು. ಗಂಡಸರು ನಕ್ಕರು. ಮನೆ ಲೋಟ ಕೊಡೋಕೆ ಎಷ್ಟು ಹೊಟ್ಟೆಕಿಚ್ಚು ನೋಡು ಅಂತ ನಾನೂ ನಕ್ಕೆ. ಅಯ್ಯೋ ದೇವರೇ."

ಯಾಪ್ ಪೀಪಾಯಿಯ ಮೇಲೆ ಕುಸಿದು ಕೂತ.

ಆವರಿಲ್ ಸ್ಕರ್ಮ್. ಮಂಗಳವಾರದಿಂದ ಠಾಣೆಯ ಬೆಂಚಿನ ಮೇಲೆ ಕೂತು ಕರ್ಚೀಫು ಒದ್ದೆ ಮಾಡುತ್ತಿದ್ದ ಹೆಂಗಸು. ಹೆಸ್ಟರ್ ಸ್ವಂತ ಕೈಯಾರೆ ಅವಳಿಗೆ ಚಹಾ ಕೊಟ್ಟಿದ್ದಳು. ನಿಮ್ಮ ಗಂಡನನ್ನು ಬಿಡಿಸುವ ಜವಾಬ್ದಾರಿ ನನ್ನದು ಎಂದು ಅವಳ ಭುಜ ತಟ್ಟಿದ್ದಳು.

ಲಾಕಪ್ಪಿನಲ್ಲಿ ಇರುವಷ್ಟು ಹೊತ್ತು ಆಸ್ಟಿನ್ ಕ್ಷೇಮ. ಅಲ್ಲಿ ಅವನಿಗೆ ಠಾಣೆಯ ಊಟ, ಠಾಣೆಯ ನೀರು. ಅವನನ್ನು ಅಲ್ಲಿಂದ ಕದಲಿಸಬಾರದು.

ಹೆಸ್ಟರ್ ಮೊಬೈಲ್ ತೆಗೆದಳು. ನೆಲಮಾಳಿಗೆಯಲ್ಲಿ ಸಿಗ್ನಲ್ಲಿನ ಸುಳಿವೂ ಇರಲಿಲ್ಲ. ಮೆಟ್ಟಿಲು ಹತ್ತಿ ಓಡಿದಳು. ತೊಲೆ ಮತ್ತೆ ಹಣೆಗೆ ಬಡಿಯಿತು, ಈ ಸಲ ಅವಳಿಗೆ ಅದು ಗೊತ್ತೂ ಆಗಲಿಲ್ಲ. ಮೇಲೆಯೂ ಸಿಗ್ನಲ್ ಇರಲಿಲ್ಲ.

"ಗೋಡೆ ಫೋನಿದೆ, ಗೋಡೆ ಫೋನು!" ಹಿಂದಿನಿಂದ ಡಾರ್ಕಸ್ ಕೂಗಿದಳು.

ಬೋಳುತಲೆಯ ಮುದುಕ ಆ ಫೋನಿನಲ್ಲಿ ಯಾರಿಗೋ ಪಕ್ಕದೂರಿನ ಸ್ಟೌಟ್ ಬಿಯರ್ ಬಗ್ಗೆ ವಿವರವಾಗಿ ಹೇಳುತ್ತಿದ್ದ. "ಸುಟ್ಟ ವಾಸನೆ ಇದೆ ಕಣೋ, ಆದ್ರೆ ಒಳ್ಳೆ ಸುಟ್ಟ ವಾಸನೆ..." ಹೆಸ್ಟರ್ ಅವನ ಕೈಯಿಂದ ರಿಸೀವರ್ ಕಿತ್ತುಕೊಂಡು ಠಾಣೆಯ ನಂಬರ್ ಒತ್ತಿದಳು. ಪಿಮ್ ಸಿಗುವುದಕ್ಕೆ ಯುಗವೇ ಹಿಡಿಯಿತು.

"ಸಾರ್, ಆಸ್ಟಿನ್ ಸ್ಕರ್ಮ್‌ನ ಬಿಡಬೇಡಿ."

ಆ ಕಡೆಯಿಂದ ಪಿಮ್‌ನ ನಿಟ್ಟುಸಿರು.

"ಪ್ರೀಸ್, ನಿನಗೇನಾಗಿದೆ? ಬೆಳಿಗ್ಗೆ ನನ್ನ ಕಿವಿ ತೂತು ಬೀಳೋ ಹಾಗೆ ಬಿಡಿ ಬಿಡಿ ಅಂದದ್ದು ನೀನೇ ತಾನೆ? ಮೇಲಿನವರೂ ಸಾಕ್ಷಿ ಸಾಲದು ಅಂದರು. ಬಿಟ್ಟೆ."

"ಯಾವಾಗ?"

"ಈಗ ಸ್ವಲ್ಪ ಹೊತ್ತಾಯ್ತು. ಹೆಂಡತಿ ಕಾರು ತಂದಿದ್ದಳು. ಕರಕೊಂಡು ಹೋದಳು."

"ಸಾರ್, ಅವರ ಕಾರನ್ನ ತಡೀಬೇಕು. ಈಗಲೇ. ಎಲ್ಲ ಗಾಡಿಗಳಿಗೂ ಹೇಳಿ..."

"ಯಾಕೆ? ಒಳ್ಳೆ ಹೆಂಗಸು ಪಾಪ. ಅವನು ಲಾಕಪ್ಪಿನಲ್ಲಿ ನಡುಗಿ ಹೋಗಿದಾನೆ ಅಂತ ಮನೆಯಿಂದ ಸೈಡರ್ ಬಿಸಿ ಮಾಡಿ, ಲವಂಗ, ಜೇನುತುಪ್ಪ ಎಲ್ಲ ಹಾಕಿ ಫ್ಲಾಸ್ಕಿನಲ್ಲಿ ತಂದಿದ್ದಳು. ಘಮಘಮ ಅಂತಿತ್ತು. ನನಗೂ ಒಂದು ಗುಟುಕು ಕೊಡಮ್ಮ ಅಂತ ತಮಾಷೆಗೆ ಕೈ ಚಾಚಿದೆ."

ಹೆಸ್ಟರ್ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೊಟ್ಟಳಾ ಸಾರ್?"

"ಎಲ್ಲಿ ಕೊಟ್ಟಳು? ಫ್ಲಾಸ್ಕನ್ನ ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಹೋದಳು. 'ಇಲ್ಲ ಸಾರ್, ಈ ಸಲ ಇವರೇ ಕುಡೀಬೇಕು' ಅಂದಳು."